ಗೆರೆ ಬಿದ್ದರೆ ಗಾಜು ಉಜ್ಜಬೇಡಿ

ಆಟಿ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಬಿಡದ ಮಳೆ. ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನ ಹತ್ತಿರದ ನನ್ನ ಜೆರಾಕ್ಸ್ ಅಂಗಡಿಗೆ ಒಬ್ಬರು ಹಿರಿಯರು ಬಂದರು. ಕೊಡೆಯನ್ನು ಬಾಗಿಲಲ್ಲೇ ಮಡಚಿಟ್ಟು, ಅಂಗಿಯ ಒಳಗಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದರು. ಅದರೊಳಗೆ ಇನ್ನೊಂದು ತೊಟ್ಟೆ. ಅದರೊಳಗೆ ನಾಲ್ಕು ಮಡಿಕೆಯ ಹಳದಿ ಕಾಗದ. 1974ರ ಭೂಸುಧಾರಣೆಯಲ್ಲಿ, ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ ಡಿಕ್ಲರೇಶನಿನಲ್ಲಿ, ಅವರ ಅಪ್ಪನಿಗೆ ಜಾಗ ಸಿಕ್ಕಿದ್ದಕ್ಕೆ ಕೊಟ್ಟ ನಮೂನೆ 10.

“ಮಗ ಬೆಂಗಳೂರಿನಲ್ಲಿದ್ದಾನೆ. ಅವನಿಗೆ ಕಳಿಸಬೇಕು. ಸ್ವಲ್ಪ ಚಂದ ಮಾಡಿ ಸ್ಕ್ಯಾನ್ ಮಾಡಿ ಕೊಡಿ ಮಾರಾಯ್ರೆ” ಎಂದರು.

ಮಾಡಿದೆ. ಕಂಪ್ಯೂಟರಿನ ಪರದೆಯಲ್ಲಿ ಕಾಗದ ಮೂಡಿತು. ಜೊತೆಗೆ ಮೇಲಿಂದ ಕೆಳಗಿನ ತನಕ ಕೂದಲಿನಷ್ಟು ಸಣ್ಣ ಒಂದು ನೀಲಿ ಗೆರೆ. ಅದೂ ಸರಿಯಾಗಿ ಸರ್ವೆ ನಂಬರಿನ ಮೇಲೆಯೇ. ಗಾಜು ಒರೆಸಿದೆ, ಮತ್ತೆ ಸ್ಕ್ಯಾನ್ ಮಾಡಿದೆ. ಗೆರೆ ಅಲ್ಲೇ ಇದೆ. ಜೋರಾಗಿ ಉಜ್ಜಿ ಇನ್ನೊಮ್ಮೆ ಮಾಡಿದೆ. ಊಹುಂ.

“ಎಂತ, ಮಿಷನ್ ಹಾಳಾಗಿ ಉಂಟಾ?”

ಮಿಷನ್ ಹಾಳಾಗಿರಲಿಲ್ಲ. ನಾನು ಒರೆಸಿದ ಜಾಗ ತಪ್ಪಾಗಿತ್ತು. ಸ್ಕ್ಯಾನ್ ಆದ ಪುಟದಲ್ಲಿ ಬೀಳುವ ಕಲೆಯನ್ನು ಸರಿಯಾಗಿ ನೋಡಿದರೆ, ಹುಳುಕು ಎಲ್ಲಿದೆ ಅಂತ ಅದೇ ಹೇಳುತ್ತದೆ. ಚುಕ್ಕೆ ಒಂದು ಕಡೆ ಕೈ ತೋರಿಸುತ್ತದೆ, ಉದ್ದ ಗೆರೆ ಇನ್ನೊಂದು ಕಡೆ, ಅಡ್ಡ ಪಟ್ಟಿ ಮತ್ತೊಂದು ಕಡೆ. ಅದಕ್ಕೆ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಸಾಕು.

ನೇಜಿ ನೆಡುವ ಸಾಲು

ಸ್ಕ್ಯಾನರ್ ಕ್ಯಾಮೆರಾದ ಹಾಗೆ ಇಡೀ ಪುಟವನ್ನು ಒಂದೇ ಸಲಕ್ಕೆ ನೋಡುವುದಿಲ್ಲ. ಗಾಜಿನ ಕೆಳಗೆ ಅಡ್ಡಕ್ಕೆ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಬೆಳಕಿದೆ, ಬೆಳಕನ್ನು ಅಳೆಯುವ ಸಣ್ಣ ಸಣ್ಣ ಕಣ್ಣುಗಳ ಸಾಲೂ ಇದೆ. 600 ಡಿಪಿಐ ಸ್ಕ್ಯಾನರ್ ಅಂದರೆ ಒಂದು ಇಂಚಿಗೆ 600 ಕಣ್ಣು. ಎಂಟೂವರೆ ಇಂಚು ಅಗಲಕ್ಕೆ 5,100. ಪಟ್ಟಿ ಕಾಗದದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಾ, ಒಂದೊಂದೇ ಗೆರೆಯಾಗಿ ಓದುತ್ತದೆ. ಕಂಪ್ಯೂಟರ್ ಆ ಗೆರೆಗಳನ್ನು ಜೋಡಿಸಿ ಪುಟ ಮಾಡುತ್ತದೆ.

ಗದ್ದೆಯಲ್ಲಿ ಹೆಂಗಸರು ಸಾಲಾಗಿ ನಿಂತು ನೇಜಿ ನೆಡುವುದನ್ನು ನೋಡಿದ್ದೀರಲ್ಲ? ಎಲ್ಲರೂ ಒಟ್ಟಿಗೆ ಹಿಂದೆ ಸರಿಯುತ್ತಾ ಹೋಗುತ್ತಾರೆ. ಒಬ್ಬೊಬ್ಬರಿಗೆ ಅವರವರ ಎದುರಿನ ಜಾಗ. ಸ್ಕ್ಯಾನರಿನ ಕಣ್ಣುಗಳೂ ಹಾಗೆಯೇ. ಈಗ ಗದ್ದೆಯ ಮಧ್ಯ ಒಂದು ಕಲ್ಲಿದ್ದರೆ ಏನಾಗುತ್ತದೆ? ಅಷ್ಟು ಜಾಗದಲ್ಲಿ ಮಾತ್ರ ನೇಜಿ ಇರುವುದಿಲ್ಲ. ಅದು ಚುಕ್ಕೆ. ಆದರೆ ಸಾಲಿನಲ್ಲಿ ನಿಂತವರಲ್ಲಿ ಒಬ್ಬರು ಕೈಕಟ್ಟಿ ಸುಮ್ನೆ ಹಿಂದೆ ಸರಿಯುತ್ತಾ ಹೋದರೆ? ಗದ್ದೆಯ ಈ ಕಟ್ಟಪುಣಿಯಿಂದ ಆ ಕಟ್ಟಪುಣಿಯ ತನಕ ಅವರ ಪಾಲಿನ ಜಾಗ ಪೂರ್ತಿ ಖಾಲಿ. ಅದು ಗೆರೆ.

ಅಂದರೆ ಗಾಜಿನ ಮೇಲಿನ ಕಸ ಚುಕ್ಕೆ ಮಾಡುತ್ತದೆ. ಉದ್ದ ಗೆರೆ ಬರಬೇಕಾದರೆ ಕಣ್ಣಿಗೇ ಏನೋ ಆಗಿರಬೇಕು. ನಾನು ಗಾಜು ಉಜ್ಜಿದ್ದು ಸುಮ್ಮನೆ.

ಕಣ್ಣಿಗೆ ಏನಾಗಿರುತ್ತದೆ? ಹೆಚ್ಚಿನ ಸಲ ಏನೂ ಆಗಿರುವುದಿಲ್ಲ. ಯಾರೋ ಅದಕ್ಕೆ ಸುಳ್ಳು ಹೇಳಿರುತ್ತಾರೆ, ಅಷ್ಟೇ.

ಸಾವಿರಾರು ಕಣ್ಣುಗಳು ಒಂದೇ ಸಮನಾಗಿರುವುದಿಲ್ಲ. ಒಂದು ಸ್ವಲ್ಪ ಚುರುಕು, ಒಂದು ಸ್ವಲ್ಪ ಮಂದ. ಅದಕ್ಕಾಗಿ ಸ್ಕ್ಯಾನರಿನ ಒಳಗೆ, ಓದು ಶುರುವಾಗುವ ತುದಿಯಲ್ಲಿ, ಚೌಕಟ್ಟಿನ ಅಡಿಭಾಗಕ್ಕೆ ಒಂದು ಬಿಳಿ ಪಟ್ಟಿ ಅಂಟಿಸಿರುತ್ತಾರೆ. ಹೊರಗಿನಿಂದ ಅದು ಕಾಣುವುದಿಲ್ಲ. ಕೆಲಸ ಶುರು ಮಾಡುವ ಮೊದಲು ಎಲ್ಲ ಕಣ್ಣುಗಳೂ ಅದನ್ನು ನೋಡುತ್ತವೆ. ‘ಇದು ಬಿಳಿ. ನಿನಗೆ ಇದು ಮಂದವಾಗಿ ಕಂಡರೆ ನಿನ್ನ ಲೆಕ್ಕವನ್ನು ಇಷ್ಟು ಏರಿಸುತ್ತೇನೆ’ ಅಂತ ಯಂತ್ರ ಒಂದೊಂದು ಕಣ್ಣಿಗೂ ಲೆಕ್ಕ ಕಟ್ಟುತ್ತದೆ. ಇದೇ ಕ್ಯಾಲಿಬ್ರೇಷನ್. ಬಟನ್ ಒತ್ತಿದ ಕೂಡಲೇ ಪಟ್ಟಿ ಸ್ವಲ್ಪ ಅಲ್ಲಾಡಿ ನಿಂತು ಆಮೇಲೆ ಹೊರಡುತ್ತದಲ್ಲ, ಆ ಹೊತ್ತಿನಲ್ಲಿ ನಡೆಯುವುದು ಇದು.

ಆ ಬಿಳಿ ಪಟ್ಟಿಯ ಮೇಲೆ ಒಂದು ಧೂಳಿನ ಕಣ ಕೂತಿದೆ ಅಂತ ಇಟ್ಟುಕೊಳ್ಳಿ. ಅದರ ಎದುರಿನ ಕಣ್ಣಿಗೆ ಬಿಳಿ ಮಂಕಾಗಿ ಕಾಣುತ್ತದೆ. ಕಣ್ಣೇ ಮಂದ ಅಂತ ಯಂತ್ರ ತಿಳಿದು ಅದರ ಲೆಕ್ಕ ಏರಿಸಿಬಿಡುತ್ತದೆ. ಆಮೇಲೆ ಪುಟದ ಉದ್ದಕ್ಕೂ ಆ ಕಣ್ಣು ಎಲ್ಲವನ್ನೂ ಇರುವುದಕ್ಕಿಂತ ಜಾಸ್ತಿ ಬೆಳ್ಳಗೆ ತೋರಿಸುತ್ತದೆ.

ಗೆರೆಗೆ ಬಣ್ಣ ಬರುವುದೂ ಹೀಗೆಯೇ. ನಮ್ಮೂರಿನ ಧೂಳು ಯಾವುದು? ಮುರಕಲ್ಲಿನ ಕೆಂಪು ಧೂಳು. ಅದು ಕೆಂಪನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತದೆ, ನೀಲಿ ಹಸಿರನ್ನು ನುಂಗುತ್ತದೆ. ಹಾಗಾಗಿ ಯಂತ್ರ ನೀಲಿ ಹಸಿರಿನ ಲೆಕ್ಕವನ್ನು ಮಾತ್ರ ಏರಿಸುತ್ತದೆ. ಧೂಳು ಕೆಂಪು, ಗೆರೆ ನೀಲಿ! ಇನ್ನೊಂದು ಸಂಗತಿ. ಹೊಸ ಬಿಳಿ ಕಾಗದದಲ್ಲಿ ಈ ಗೆರೆ ಅಷ್ಟಾಗಿ ಕಾಣುವುದಿಲ್ಲ. ಬಿಳಿಯನ್ನು ಇನ್ನೂ ಬಿಳಿ ಮಾಡಲು ಆಗುವುದಿಲ್ಲವಲ್ಲ. ಹಳೆಯ ಹಳದಿ ಕಾಗದ ಅಥವಾ ಕಪ್ಪು ಬಿಳುಪು ಫೋಟೊ ಇಟ್ಟಾಗ ಎದ್ದು ಕಾಣುತ್ತದೆ. ಬೆಳಗ್ಗೆಯಿಂದ ನೂರು ಆಧಾರ್ ಕಾಪಿ ಚೆನ್ನಾಗಿ ಬಂದು, ನಮೂನೆ 10ಕ್ಕೆ ಮಾತ್ರ ಗೆರೆ ಬಿದ್ದದ್ದು ಅದಕ್ಕೇ.

ಪರಿಹಾರ ಏನು? ಮೊದಲು ಸುಲಭದ್ದು. ಕೆಲವು ಡ್ರೈವರ್‌ಗಳ (ಸ್ಕ್ಯಾನರನ್ನು ನಡೆಸುವ ತಂತ್ರಾಂಶ) ಸೆಟ್ಟಿಂಗಿನಲ್ಲಿ ಕ್ಯಾಲಿಬ್ರೇಟ್ ಅಂತ ಒಂದು ಬಟನ್ ಇರುತ್ತದೆ, ಅದನ್ನು ಒತ್ತಿ ನೋಡಿ. ಹೋಗದಿದ್ದರೆ ಸ್ಕ್ಯಾನರಿನ ವಯರ್ ಎಲ್ಲ ತೆಗೆದು, ಮುಚ್ಚಳ ಹಿಡಿದುಕೊಂಡು, ಗಾಜಿನ ಮುಖ ಕೆಳಗಾಗುವ ಹಾಗೆ ವಾಲಿಸಿ, ಬಿಳಿ ಪಟ್ಟಿ ಇರುವ ತುದಿಯನ್ನು ಬೆರಳಿನಿಂದ ಮೆಲ್ಲ ಎರಡು ಸಲ ತಟ್ಟಿ. ಇದು ಪುಸ್ತಕದಲ್ಲಿ ಬರೆದ ಕ್ರಮ ಅಲ್ಲ, ನನ್ನ ಕ್ರಮ. ಕಣ ಅಲ್ಲಿಂದ ಜಾರಿದರೆ ನಿಮ್ಮ ಅದೃಷ್ಟ. ಆ ದಿನ ಜಾರಿತು. ಶಾಯಿ ಇರುವ, ಪ್ರಿಂಟರ್ ಸೇರಿದ ಯಂತ್ರಕ್ಕೆ ಮಾತ್ರ ಹೀಗೆ ಮಾಡಲೇಬೇಡಿ. ಶಾಯಿ ಎಲ್ಲ ಹೊರಗೆ ಬಂದೀತು.

ಅದಕ್ಕೂ ಹೋಗದಿದ್ದರೆ ಮೇಲಿನ ಚೌಕಟ್ಟು ಬಿಚ್ಚಬೇಕು. ವಾರಂಟಿ ಇದ್ದರೆ ನೀವು ಕೈ ಹಾಕಬೇಡಿ. ಮುಗಿದಿದ್ದರೆ, ಸ್ಕ್ರೂ ತೆಗೆದು ಗಾಜಿನ ಚೌಕಟ್ಟನ್ನು ನಿಧಾನ ಎತ್ತಿ. ಒಳಗೆ ರಿಬ್ಬನ್ನಿನ ಹಾಗಿರುವ ಚಪ್ಪಟೆ ವಯರ್ ಇರುತ್ತದೆ, ಅದನ್ನು ಎಳೆಯಬೇಡಿ. ಬಿಳಿ ಪಟ್ಟಿಯನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಒರೆಸಿದರೆ ಆಯಿತು. ಚೌಕಟ್ಟನ್ನು ಅಂಟಿನಿಂದ ಅಂಟಿಸಿದ ಮಾದರಿಗಳೂ ಇವೆ. ಅವನ್ನು ರಿಪೇರಿಯವರಿಗೇ ಬಿಡುವುದು ಒಳ್ಳೆಯದು. ಗಾಜು ಒಡೆದರೆ ಹೊಸ ಸ್ಕ್ಯಾನರಿಗೇ ದುಡ್ಡು ಹಾಕಬೇಕಾಗುತ್ತದೆ.

ಒಂದು ಅಪವಾದ ಉಂಟು. ಮೇಲಿನ ಟ್ರೇಯಲ್ಲಿ ಕಾಗದಗಳ ಕಟ್ಟು ಇಟ್ಟರೆ ಒಂದೊಂದಾಗಿ ತಾನೇ ಎಳೆದುಕೊಳ್ಳುವ ಯಂತ್ರಗಳಲ್ಲಿ, ಹಾಗೆ ಎಳೆದಾಗ ಮಾತ್ರ ಗೆರೆ ಬಂದು, ಗಾಜಿನ ಮೇಲೆ ಕೈಯಾರೆ ಇಟ್ಟಾಗ ಬರದಿದ್ದರೆ ಅದು ಗಾಜಿನದ್ದೇ ತಪ್ಪು. ಇಲ್ಲಿ ಪಟ್ಟಿ ನಿಂತಲ್ಲೇ ನಿಂತಿರುತ್ತದೆ, ಕಾಗದ ಅದರ ಮೇಲೆ ಜಾರಿ ಹೋಗುತ್ತದೆ. ನೆಡುವವರು ನಿಂತು ಗದ್ದೆಯೇ ಸರಿದ ಹಾಗೆ. ದೊಡ್ಡ ಗಾಜಿನ ಪಕ್ಕದಲ್ಲಿ ಒಂದು ಬೆರಳಿನಷ್ಟು ಅಗಲದ ಸಣ್ಣ ಗಾಜು ಇರುತ್ತದೆ. ಅಲ್ಲಿ ವೈಟ್ನರ್ ಅಥವಾ ಗಮ್ಮಿನ ಒಂದು ಹನಿ ಒಣಗಿ ಕೂತಿರುತ್ತದೆ. ಅದನ್ನು ಉಗುರಿನಿಂದ ಕೆರೆಯಬೇಡಿ, ಒದ್ದೆ ಬಟ್ಟೆ ಎರಡು ನಿಮಿಷ ಇಟ್ಟು ಮೆತ್ತಗಾದ ಮೇಲೆ ಒರೆಸಿ. ಅಂಗಡಿಗಳಲ್ಲಿ ಬರುವ ಗೆರೆಗಳಲ್ಲಿ ಮುಕ್ಕಾಲು ಪಾಲು ಇದೇ, ನನ್ನ ಅನುಭವದಲ್ಲಿ.

ಚುಕ್ಕೆಗೆ ಬಂದರೆ, ಅದು ಕಾಗದದ್ದೋ ಗಾಜಿನದ್ದೋ ಅಂತ ಗೊತ್ತಾಗದಿದ್ದರೆ ಕಾಗದವನ್ನು ತಲೆಕೆಳಗಾಗಿ ತಿರುಗಿಸಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಚುಕ್ಕೆ ಅಕ್ಷರದ ಜೊತೆಗೇ ತಿರುಗಿದರೆ ಕಾಗದದ್ದು. ಇದ್ದಲ್ಲೇ ಇದ್ದರೆ ಗಾಜಿನದ್ದು. ಇಷ್ಟೇ.

ಮಳೆಗಾಲದ ಮಬ್ಬು

ನಮ್ಮ ಕರಾವಳಿಗೆ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಪ್ಪಳ ಒಣಗದ, ಚಪ್ಪಲಿಗೆ ಬೂಸ್ಟು ಹಿಡಿಯುವ ಆ ದಿನಗಳಲ್ಲಿ ಸ್ಕ್ಯಾನರಿಗೂ ಬೂಸ್ಟು ಹಿಡಿಯುತ್ತದೆ.

ಲಕ್ಷಣ ಹೀಗೆ: ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ, ಆದರೆ ಇಡೀ ಪುಟ ಮಂಜಿನ ಹಿಂದೆ ಇದ್ದ ಹಾಗೆ. ಕಪ್ಪು ಅಕ್ಷರ ಬೂದಿ ಬಣ್ಣ. ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ನೋಡಿ. ಗಾಜಿನ ಮೇಲೆ ಒರೆಸಿದರೂ ಹೋಗದ ಹೊಗೆಯಂಥ ಪದರ ಕಂಡರೆ ಅದು ಒಳಬದಿಯಲ್ಲಿದೆ. ಬೂಸ್ಟು ಅಲ್ಲದೆ ಇನ್ನೊಂದು ಕಾರಣವೂ ಇದೆ. ಒಳಗಿನ ಪ್ಲಾಸ್ಟಿಕ್ಕು ಬಿಸಿಯಾದಾಗ ಬಿಡುವ ಆವಿ ನಿಧಾನಕ್ಕೆ ಗಾಜಿನ ಅಡಿಗೆ ಪದರವಾಗಿ ಕೂರುತ್ತದೆ. ಯಾವುದಾದರೂ ಸರಿ, ಒಳಗೆ ಒರೆಸಬೇಕು. ಅಂದರೆ ಮತ್ತೆ ಚೌಕಟ್ಟು ಬಿಚ್ಚುವ ಕೆಲಸ.

ಒರೆಸುವುದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಬೇಗ ಆರುತ್ತದೆ, ಕಲೆ ಬಿಡುವುದಿಲ್ಲ. ಯಾವ ದ್ರವವೇ ಆಗಲಿ ಬಟ್ಟೆಗೆ ಹಾಕಿ, ಗಾಜಿಗೆ ನೇರ ಚಿಮುಕಿಸಬೇಡಿ. ಅಂಚಿನಿಂದ ಒಳಗೆ ಇಳಿದರೆ ಇಲ್ಲದ ಮಬ್ಬನ್ನು ನೀವೇ ಮಾಡಿಕೊಂಡ ಹಾಗೆ. ಹಳೆ ಬನಿಯನ್ನು, ಟಿಶ್ಯೂ ಎರಡೂ ಬೇಡ. ಅವು ಬಿಡುವ ನೂಲು ಮತ್ತೆ ಚುಕ್ಕೆಯಾಗಿ ಬರುತ್ತದೆ.

ಮಬ್ಬು ಬರದ ಹಾಗೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಮಳೆಗಾಲದಲ್ಲಿ ಸ್ಕ್ಯಾನರನ್ನು ದಿನಾ ಬಳಸಿ. ಬಳಸುವುದಿಲ್ಲವಾದರೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು, ಸ್ಕ್ಯಾನರಿನ ಜೊತೆ ಒಂದು ದೊಡ್ಡ ತೊಟ್ಟೆಯೊಳಗೆ ಹಾಕಿ ಬಾಯಿ ಕಟ್ಟಿಡಿ. ಒದ್ದೆ ಗೋಡೆಗೆ ತಾಗಿಸಿ ಮಾತ್ರ ಇಡಬೇಡಿ. ಇರುವೆ, ಜಿರಳೆಗೂ ಆ ಬೆಚ್ಚಗಿನ ಡಬ್ಬಿ ಇಷ್ಟ. ಒಮ್ಮೆ ನನ್ನ ಸ್ಕ್ಯಾನರಿನಲ್ಲಿ ಬಂದ ಕಪ್ಪು ಕಲೆ ಪ್ರತಿ ಪುಟಕ್ಕೂ ಜಾಗ ಬದಲಾಯಿಸುತ್ತಿತ್ತು. ಅರ್ಧ ಗಂಟೆ ಡ್ರೈವರ್ ಸೆಟ್ಟಿಂಗ್ ಎಲ್ಲ ಹುಡುಕಿದೆ. ಕೊನೆಗೆ ನೋಡಿದರೆ ಗಾಜಿನ ಅಡಿಯಲ್ಲಿ ಒಂದು ಜಿರಳೆ ಮರಿ ಓಡಾಡುತ್ತಿದೆ.

ಮಬ್ಬಿಗೂ ಮಸುಕಿಗೂ ವ್ಯತ್ಯಾಸ ಇದೆ. ಪುಟ ಪೂರ್ತಿ ಚೆನ್ನಾಗಿದ್ದು, ಮಡಿಕೆಯ ಹತ್ತಿರ ಅಥವಾ ಪುಸ್ತಕದ ಹೊಲಿಗೆಯ ಹತ್ತಿರ ಮಾತ್ರ ಅಕ್ಷರ ಮಸುಕಾದರೆ ಅದು ಕೊಳೆ ಅಲ್ಲ. ಈಗಿನ ತೆಳ್ಳಗಿನ, ಯುಎಸ್‌ಬಿ ವಯರಿನಿಂದಲೇ ಕರೆಂಟ್ ತೆಗೆದುಕೊಳ್ಳುವ ಸ್ಕ್ಯಾನರುಗಳಲ್ಲಿ ಇರುವುದು ಸಿಐಎಸ್ ಎಂಬ ಪಟ್ಟಿ. ಅದು ಗಾಜಿಗೆ ಅಂಟಿಕೊಂಡ ಹಾಗೆ ಓಡುತ್ತದೆ. ಕಾಗದ ಗಾಜಿನಿಂದ ಒಂದೆರಡು ಮಿಲಿಮೀಟರ್ ಎದ್ದರೂ ಅದಕ್ಕೆ ಸ್ಪಷ್ಟ ಕಾಣುವುದಿಲ್ಲ. ಹಳೆಯ ದಪ್ಪ ಡಬ್ಬಿಯಂಥ ಸ್ಕ್ಯಾನರುಗಳಲ್ಲಿ ಕನ್ನಡಿ, ಮಸೂರ, ಸಿಸಿಡಿ ಎಂಬ ಬೆಳಕು ಅಳೆಯುವ ಚಿಪ್ ಇರುತ್ತಿದ್ದವು. ಅವಕ್ಕೆ ಸ್ವಲ್ಪ ಎದ್ದ ಕಾಗದವೂ ಕಾಣುತ್ತಿತ್ತು. ಹಳೆ ಪುಸ್ತಕ, ನಾಲ್ಕು ಮಡಿಕೆಯ ಪತ್ರಗಳೇ ನಿಮ್ಮ ಕೆಲಸವಾದರೆ ಹಳೆ ಸಿಸಿಡಿ ಸ್ಕ್ಯಾನರನ್ನು ಗುಜರಿಗೆ ಹಾಕಬೇಡಿ. ಸಿಐಎಸ್ ಮಾತ್ರ ಇದ್ದರೆ ಕಾಗದವನ್ನು ಹಿಂದಿನ ರಾತ್ರಿ ದಪ್ಪ ಪುಸ್ತಕಗಳ ನಡುವೆ ಇಟ್ಟು ಚಪ್ಪಟೆ ಮಾಡಿ. ಮುಚ್ಚಳದ ಮೇಲೆ ಹಗುರಾಗಿ ಅಂಗೈ ಒತ್ತಿ. ಮೊಣಕೈ ಊರಬೇಡಿ.

ಕಟಕಟ ಸದ್ದು, ಕಾಣದ ಸ್ಕ್ಯಾನರು

ಪುಟದ ಅಡ್ಡಕ್ಕೆ ಪಟ್ಟಿ ಪಟ್ಟಿ ಬಂದರೆ, ಅಕ್ಷರ ಅಲ್ಲಲ್ಲಿ ಕುಗ್ಗಿ ಅಥವಾ ಹಿಗ್ಗಿ ಕಂಡರೆ, ಕಣ್ಣು ಸರಿ ಇದೆ, ಕಾಲು ಸರಿ ಇಲ್ಲ. ಪಟ್ಟಿ ಓಡುವ ಕಂಬಿ ಒಣಗಿರಬಹುದು. ಉಪ್ಪು ಗಾಳಿಗೆ ತುಕ್ಕು ಹಿಡಿದಿರಬಹುದು, ಸಮುದ್ರಕ್ಕೆ ಹತ್ತಿರದ ಮಲ್ಪೆ, ಉಳ್ಳಾಲದ ಕಡೆ ಇದು ಬೇಗ. ಬೆಲ್ಟ್ ಸಡಿಲ ಆಗಿರಲೂಬಹುದು. ಕಂಬಿ ಒರೆಸಿ ಒಂದು ಚೂರು ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ಪರಿಚಯದ ಒಬ್ಬರು ತೆಂಗಿನೆಣ್ಣೆ ಹಾಕಿ ತಂದಿದ್ದರು. ನಮ್ಮಲ್ಲಿ ತಲೆಗೆ, ದೋಸೆಗೆ, ಬಾಗಿಲ ತಿರುಗಣಿಗೆ ಎಲ್ಲದಕ್ಕೂ ಅದೇ ಅಲ್ವಾ! ಒಳಗೆ ಅದು ಅಂಟಾಗಿ ಊರಿನ ಧೂಳನ್ನೆಲ್ಲ ಹಿಡಿದಿಟ್ಟುಕೊಂಡಿತ್ತು.

ಹಳೆ ಸ್ಕ್ಯಾನರನ್ನು ಮನೆ ಬದಲಾಯಿಸಿ ತಂದ ಮೇಲೆ ‘ಗರ್ ಗರ್’ ಅಂತ ಸದ್ದು ಮಾಡಿ ನಿಂತುಬಿಟ್ಟರೆ ಗಾಬರಿ ಬೇಡ. ಅಡಿಯಲ್ಲಿ ಅಥವಾ ಹಿಂದೆ ಬೀಗದ ಚಿತ್ರ ಇರುವ ಒಂದು ಸಣ್ಣ ಸ್ವಿಚ್ ಹುಡುಕಿ. ಸಾಗಿಸುವಾಗ ಪಟ್ಟಿ ಅಲ್ಲಾಡದಿರಲಿ ಅಂತ ಕೊಟ್ಟ ಬೀಗ ಅದು. ಬಿಡಿಸಿದರೆ ಆಯಿತು.

ಕಂಪ್ಯೂಟರಿಗೆ ಸ್ಕ್ಯಾನರೇ ಕಾಣದಿದ್ದರೆ ಮೊದಲು ವಯರ್ ಬದಲಾಯಿಸಿ, ಆಮೇಲೆ ಅದನ್ನು ಚುಚ್ಚುವ ತೂತು, ಅಂದರೆ ಪೋರ್ಟ್. ಹಬ್ ತೆಗೆದು, ಡೆಸ್ಕ್‌ಟಾಪಾದರೆ ಹಿಂಬದಿಯ ಪೋರ್ಟಿಗೇ ನೇರ ಚುಚ್ಚಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು ಹೆಚ್ಚೆಂದರೆ 500 ಮಿಲಿಆಂಪ್. ಅದನ್ನೇ ಹಬ್ಬಿನಲ್ಲಿ ಮೌಸು, ಪೆನ್‌ಡ್ರೈವ್, ಸ್ಕ್ಯಾನರ್ ಹಂಚಿಕೊಂಡರೆ ಅರ್ಧ ದಾರಿಯಲ್ಲಿ ಪಟ್ಟಿ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಪೋರ್ಟೇ ಸುಟ್ಟುಹೋಗುವುದೂ ಉಂಟು. ಗುಡುಗು ಶುರುವಾದರೆ ಎಲ್ಲ ಕಿತ್ತಿಡಿ.

ವಯರ್ ಸರಿ ಇದ್ದರೆ ಡ್ರೈವರ್ ನೋಡಬೇಕು. ಡ್ರೈವರ್ ಅಂದರೆ ಸ್ಕ್ಯಾನರಿನ ಭಾಷೆಯನ್ನು ಕಂಪ್ಯೂಟರಿಗೆ ಹೇಳುವ ದುಭಾಷಿ. ಹಳೆ ಸ್ಕ್ಯಾನರಿನ ದುಭಾಷಿಗೆ 32 ಬಿಟ್ ವಿಂಡೋಸ್ ಮಾತ್ರ ಗೊತ್ತಿದ್ದರೆ ಈಗಿನ 64 ಬಿಟ್ ವಿಂಡೋಸಿನಲ್ಲಿ ಅವನು ಮೂಕ. ಸ್ಕ್ಯಾನರ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ತಯಾರಿಸಿದ ಕಂಪನಿ ಹೊಸ ಡ್ರೈವರ್ ಬರೆದಿರುವುದಿಲ್ಲ. ಇದು ನನಗೆ ಸಿಟ್ಟು ಬರಿಸುವ ವಿಷಯ. ಹಾಗಂತ ಎಸೆಯಬೇಕಾಗಿಲ್ಲ. ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ಬಹಳ ಹಳೆ ಸ್ಕ್ಯಾನರುಗಳಿಗೂ ತನ್ನದೇ ಡ್ರೈವರ್ ಇಟ್ಟುಕೊಂಡಿದೆ, ಆದರೆ ದುಡ್ಡು ಕೊಡಬೇಕು. ಲಿನಕ್ಸಿನಲ್ಲಿ ಸೇನ್ ಎಂಬ ವ್ಯವಸ್ಥೆ ಇದೆ, ಬಿಟ್ಟಿ. ಮೂಲೆಗೆ ಬಿದ್ದ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಅದನ್ನು ಸ್ಕ್ಯಾನರಿಗೇ ಮೀಸಲಿಟ್ಟರೆ ಎರಡೂ ಉಳಿಯುತ್ತವೆ. ನನ್ನ ಅಂಗಡಿಯಲ್ಲಿ ಹಾಗೇ ಮಾಡಿದ್ದೇನೆ.

“ಅಣ್ಣ, ಫೈಲು ಹೋಗ್ತಾ ಇಲ್ಲ”

ಆ ಹಿರಿಯರ ಕಾಗದಕ್ಕೆ ಮರಳುತ್ತೇನೆ. ಗೆರೆ ಹೋಯಿತು ಎಂದೆನಲ್ಲ, ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಚಂದ ಮಾಡಿ ಎಂದಿದ್ದರಲ್ಲ, ನಾನು 600 ಡಿಪಿಐ ಕಲರಿನಲ್ಲಿ ಮಾಡಿ ಮಗನಿಗೆ ಕಳಿಸಿದ್ದೆ. ಒಂದು ಗಂಟೆ ಬಿಟ್ಟು ಬೆಂಗಳೂರಿನಿಂದ ಫೋನು. ಯಾವುದೋ ಅರ್ಜಿಗೆ ಹಾಕಬೇಕಂತೆ, ಅಲ್ಲಿ ಒಂದು ಎಂಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲವಂತೆ.

ಲೆಕ್ಕ ನೋಡಿ. ಎ4 ಪುಟ 300 ಡಿಪಿಐಯಲ್ಲಿ 2,480 ಅಗಲ, 3,508 ಉದ್ದ. ಒಟ್ಟು ಸುಮಾರು 87 ಲಕ್ಷ ಚುಕ್ಕೆ. ಕಲರ್ ಆದರೆ ಒಂದೊಂದು ಚುಕ್ಕೆಗೆ ಮೂರು ಬೈಟ್. ಕುಗ್ಗಿಸದೆ ಇಟ್ಟರೆ 26 ಎಂಬಿ. ಡಿಪಿಐ ಎರಡು ಪಟ್ಟು ಮಾಡಿದರೆ ಫೈಲು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಗಲವೂ ಇಮ್ಮಡಿ, ಉದ್ದವೂ ಇಮ್ಮಡಿ. 104 ಎಂಬಿ! ಕಣ್ಣಿಗೆ ಸಿಕ್ಕಿದ ಲಾಭ ಏನೂ ಇಲ್ಲ.

ಹಾಗಾದರೆ ಬ್ಲಾಕ್ ಆಂಡ್ ವೈಟ್ ಮಾಡಿದರೆ? ಫೈಲು ಒಂದೇ ಎಂಬಿಗೆ ಇಳಿಯುತ್ತದೆ ನಿಜ. ಆದರೆ ಆ ಮೋಡಿನಲ್ಲಿ ಬೂದಿ ಬಣ್ಣ ಅನ್ನುವುದೇ ಇಲ್ಲ. ಪ್ರತಿ ಚುಕ್ಕೆಯೂ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ. ಮಾಸಿದ ನೇರಳೆ ಸೀಲು ಬಿಳಿಯ ಪಕ್ಷಕ್ಕೆ ಸೇರಿ ಮಾಯ. ಹಳದಿ ಕಾಗದದ ಕಪ್ಪಾದ ಮೂಲೆ ಕಪ್ಪಿನ ಪಕ್ಷಕ್ಕೆ ಸೇರಿ ಮಸಿ. ಕನ್ನಡಕ್ಕಂತೂ ಇದು ದೊಡ್ಡ ಪೆಟ್ಟು. ದ, ಧ, ಥ ಈ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸೀಳು, ಒಂದು ಚುಕ್ಕೆ. ಒತ್ತಕ್ಷರ ಮೊದಲೇ ಸಣ್ಣದು. ಕಾರ್ಬನ್ ಕಾಪಿಯಲ್ಲಿ ಅದು ಇನ್ನೂ ಹರಡಿರುತ್ತದೆ. ಬ್ಲಾಕ್ ಆಂಡ್ ವೈಟ್ ಮಾಡಿದರೆ ಎಲ್ಲ ತುಂಬಿಕೊಂಡು ಒಂದು ಉಂಡೆ. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ ಕಂದಾಯದ ಕೆಲಸದಲ್ಲಿ ಎಷ್ಟು ಸಲ ಓಡಾಡಬೇಕು ಅಂತ ಗೊತ್ತಿದ್ದವರಿಗೆ ಗೊತ್ತು. ಕನ್ನಡ ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಓದಿ ಪಠ್ಯ ಮಾಡುವುದು) ಮಾಡಬೇಕೆಂದಿದ್ದರೂ ಅಷ್ಟೇ, 300 ಡಿಪಿಐ ಗ್ರೇಸ್ಕೇಲಿಗಿಂತ, ಅಂದರೆ ಬೂದಿ ಬಣ್ಣದ ಛಾಯೆಗಳನ್ನೂ ಉಳಿಸುವ ಮೋಡಿಗಿಂತ, ಕೆಳಗೆ ಇಳಿಯಬೇಡಿ.

ಇಂಥ ಪತ್ರಗಳಿಗೆ ನಾನು 300 ಡಿಪಿಐ ಕಲರಿನಲ್ಲಿ ಒಂದು ಮೂಲ ಪ್ರತಿ ಮಾಡಿ ಇಟ್ಟುಕೊಳ್ಳಲು ಕೊಡುತ್ತೇನೆ. ಅರ್ಜಿಗೆ ಹಾಕುವುದಕ್ಕೆ ಅದರಿಂದಲೇ ಗ್ರೇಸ್ಕೇಲಿನ ಜೆಪೆಗ್ ಅಥವಾ ಪಿಡಿಎಫ್, ಕುಗ್ಗಿಸಿ. ಮತ್ತೆ ಮತ್ತೆ ಹಳೆ ಕಾಗದವನ್ನು ಗಾಜಿಗೆ ಒತ್ತುವ ಕೆಲಸ ತಪ್ಪುತ್ತದೆ. ಹಿಂಬದಿಯ ಬರಹ ಮುಂದಕ್ಕೆ ಮೂಡಿ ಕಾಟ ಕೊಟ್ಟರೆ ಕಾಗದದ ಬೆನ್ನಿಗೆ ಒಂದು ಕಪ್ಪು ಹಾಳೆ ಇಡಿ. ಮುಚ್ಚಳದ ಬಿಳಿ ಬಣ್ಣಕ್ಕೆ ಬೆಳಕು ಹೊಡೆದು ವಾಪಸು ಬರುವುದರಿಂದಲೇ ಹಿಂಬದಿಯ ಅಕ್ಷರ ಕಾಣುವುದು. ಕಪ್ಪು ಹಾಳೆ ಆ ಬೆಳಕನ್ನು ನುಂಗುತ್ತದೆ.

ಆ ದಿನ ಇನ್ನೊಂದು ತೊಂದರೆಯೂ ಇತ್ತು. ಕಾಗದ ಎ4ಗಿಂತ ಉದ್ದ. ಎ4 297 ಮಿಲಿಮೀಟರ್, ಲೀಗಲ್ ಕಾಗದ 356. ಗಾಜಿನ ಮೇಲೆ ಹಿಡಿಸುವುದಿಲ್ಲ. ಹಳೆ ಕ್ರಯಪತ್ರ, ಪಾಲುಪತ್ರಗಳೂ ಹೆಚ್ಚಾಗಿ ಹೀಗೆಯೇ. ಮಡಚಿ ಇಡುವ ಬದಲು ಮೇಲಿನ ಭಾಗ ಒಮ್ಮೆ, ಕೆಳಗಿನ ಭಾಗ ಒಮ್ಮೆ ಸ್ಕ್ಯಾನ್ ಮಾಡಿ, ಎರಡರಲ್ಲೂ ನಾಲ್ಕು ಬೆರಳಿನಷ್ಟು ಜಾಗ ಒಂದೇ ಬರುವ ಹಾಗೆ ನೋಡಿಕೊಳ್ಳಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಬಹುದು. ಗಾಜಿನ ಅಂಚಿನ ಎರಡು ಮೂರು ಮಿಲಿಮೀಟರನ್ನು ಹೆಚ್ಚಿನ ಸ್ಕ್ಯಾನರುಗಳು ಓದುವುದಿಲ್ಲ. ಕಾಗದವನ್ನು ಮೂಲೆಗೆ ಪೂರ್ತಿ ತಾಗಿಸಿದರೆ ಅಂಚಿನ ಸಹಿ ಹೋಗುತ್ತದೆ.

ಹೀಗೆ ಮಾಡಿ ಎರಡನೇ ಸಲ ಕಳಿಸಿದೆ. ಸಂಜೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಮಗನ ಮೆಸೇಜು ಬಂತು: ‘ಹೋಯ್ತು ಅಣ್ಣ, ಸರ್ವೆ ನಂಬರ್ ಸರಿ ಕಾಣ್ತದೆ.’ ಕಾಗದ ಅಷ್ಟರಲ್ಲಿ ಎರಡು ತೊಟ್ಟೆಯೊಳಗೆ ಸೇರಿ, ಹಿರಿಯರ ಅಂಗಿಯೊಳಗೆ ಕೂತು, ನಾಲ್ಕೂವರೆ ಬಸ್ಸಿನಲ್ಲಿ ಊರು ಸೇರಿಯಾಗಿತ್ತು.